ಅಂಗಡಿಯ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆ ಅಲಂಕಾರದ ಬಗ್ಗೆ ಒಂದು ಲೇಖನ ಬಂದಿತ್ತು. ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟರೆ ಎಷ್ಟು ಚೆಂದ ಎಂದು ಬರೆದಿದ್ದರು. ಜೊತೆಗೆ ಅರ್ಧ ಪುಟದ ಫೋಟೋ. ನೀಲಿ, ಹಳದಿ, ಕಿತ್ತಳೆ, ನೇರಳೆ ಬಣ್ಣದ ಹತ್ತು ಹದಿನೈದು ಮೀನುಗಳು ಒಂದೇ ತೊಟ್ಟಿಯಲ್ಲಿ. ಯಾವ ಗೋಡೆಗೆ ಯಾವ ಬಣ್ಣದ ಮೀನು ಒಪ್ಪುತ್ತದೆ ಎಂಬ ಸಲಹೆಯೂ ಇತ್ತು. ಯಾವ ಮೀನಿನ ಜೊತೆ ಯಾವ ಮೀನು ಬಾಳುತ್ತದೆ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಓದಿ ಎಷ್ಟು ಜನ ಅಂಗಡಿಗೆ ಹೋಗುತ್ತಾರೋ ಎಂದು ನನಗೆ ನಿಜವಾಗಿ ಚಿಂತೆಯಾಯಿತು. ಅದಕ್ಕೇ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ದಯವಿಟ್ಟು ಪೂರ್ತಿ ಹಾಕಿ.

ನನ್ನದು ಉಡುಪಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬಾವಿ ಪಂಪು, ಮಿಕ್ಸಿ, ಗ್ರೈಂಡರ್ ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಮೀನಿನ ವಿಷಯದಲ್ಲಿ ನಾನು ಏನೂ ಓದಿದವನಲ್ಲ. ಆದರೆ 2016ರ ಡಿಸೆಂಬರ್‌ನಿಂದ ಮನೆಯಲ್ಲಿ ಒಂದು ಉಪ್ಪುನೀರಿನ ತೊಟ್ಟಿ ಸಾಕಿಕೊಂಡು ಬಂದಿದ್ದೇನೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ನೀರು ಹಿಡಿಯುವುದು 150ರ ಆಸುಪಾಸು.

ಹೋದ ತಿಂಗಳು ಮಂಗಳೂರಿನಿಂದ ಅಕ್ಕನ ಮಗನ ಫೋನ್ ಬಂತು. ಬಿಜೈ ಹತ್ತಿರ ಹೊಸ ಫ್ಲಾಟ್ ತೆಗೊಂಡಿದ್ದಾನೆ. ಗೃಹಪ್ರವೇಶಕ್ಕೆ ಎರಡಡಿಯ ತೊಟ್ಟಿ ಇಟ್ಟು, ಒಂದೇ ದಿನ ಎಂಟು ಮೀನು ತಂದು ಬಿಟ್ಟಿದ್ದ. "ಮಾವ, ಎರಡು ಕ್ಲೌನ್ ಮೀನು ಕಾಣುತ್ತಾ ಇಲ್ಲ. ಸತ್ತದ್ದೂ ಸಿಗುವುದಿಲ್ಲ. ನೀರೆಲ್ಲ ಹುಡುಕಿದೆ" ಎಂದ. ಇನ್ನು ಯಾವ ಯಾವ ಮೀನು ಉಂಟು ಎಂದು ಕೇಳಿದೆ. ಹೇಳುತ್ತಾ ಹೋದ. ಕೊನೆಗೆ, "ಒಂದು ಲಯನ್ ಫಿಶ್ ಮರಿ" ಎಂದ. ಅದರ ಹೊಟ್ಟೆ ನೋಡು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದು ಮಾವ, ಹೊಟ್ಟೆ ಒಂದು ಬದಿಗೆ ಉಬ್ಬಿದೆ" ಎಂದ. ಅವನ ಮಗಳಿಗೆ ಐದು ವರ್ಷ. ಆ ಕಿತ್ತಳೆ ಮೀನಿಗೆ ಅವಳು ಹೆಸರಿಟ್ಟಿದ್ದಳಂತೆ.

ಲಯನ್ ಫಿಶ್ ತಪ್ಪು ಮಾಡಲಿಲ್ಲ. ಅದರ ಬಾಯಿಗೆ ಹಿಡಿಸುವ ಮೀನು ಅದಕ್ಕೆ ಊಟ. ಕಡಲಲ್ಲಿ ಅದು ಬದುಕುವುದೇ ಹಾಗೆ. ಅದರ ಮುಳ್ಳಿನಲ್ಲಿ ವಿಷ ಬೇರೆ ಇದೆ. ಮಗು ಇರುವ ಮನೆಗೆ, ಎರಡಡಿಯ ತೊಟ್ಟಿಗೆ, ಕ್ಲೌನ್ ಮೀನಿನ ಜೊತೆಗೆ ಅದನ್ನು ಕಟ್ಟಿ ಕೊಟ್ಟವರು ಒಂದು ಮಾತು ಹೇಳಬೇಕಿತ್ತು. ತಂದವನೂ ಒಂದು ಮಾತು ಕೇಳಬೇಕಿತ್ತು.

ನಾನೂ ಕೇಳಿರಲಿಲ್ಲ. ಅದನ್ನು ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವುದು ಸರಿಯಲ್ಲ.

ನಾನು ಮೊದಲು ತಂದದ್ದು ಮೂರು ಡಾಮಿನೋ ಡ್ಯಾಮ್ಸೆಲ್. ಉಗುರಿನಷ್ಟು ಚಿಕ್ಕವು. ಕಪ್ಪು ಮೈ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ, ಎರಡು ಬದಿಗೂ ಒಂದೊಂದು. "ಗಟ್ಟಿ ಮೀನು, ಸಾಯುವುದಿಲ್ಲ, ಹೊಸ ತೊಟ್ಟಿಗೆ ಇದೇ ಒಳ್ಳೆಯದು" ಎಂದು ಅಂಗಡಿಯವರು ಹೇಳಿದರು. ಗಟ್ಟಿ ಎಂಬುದು ನಿಜ. ಆದರೆ ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಒಂದು ತಿಂಗಳಲ್ಲಿ ಮೂರರಲ್ಲಿ ಒಂದೇ ಉಳಿಯಿತು. ಉಳಿದ ಎರಡನ್ನು ಅದೇ ಕಚ್ಚಿ ಕಚ್ಚಿ ಮುಗಿಸಿತು. ನೀರಿನ ದೋಷ ಎಂದುಕೊಂಡು ನಾನು ನೀರು ಬದಲಿಸುತ್ತಾ ಕೂತೆ.

ಫೆಬ್ರವರಿಯಲ್ಲಿ ಮಗಳಿಗಾಗಿ ಎರಡು ಕ್ಲೌನ್ ಮೀನು ತಂದೆ. ಬಿಟ್ಟ ಹತ್ತು ನಿಮಿಷದಲ್ಲಿ ಶುರುವಾಯಿತು. ಬಲಗಡೆ ಕಲ್ಲಿನ ಗೂಡು ಡಾಮಿನೋದ್ದು. ಅಲ್ಲಿಂದ ಬಾಣದ ಹಾಗೆ ಬರುವುದು, ಕಚ್ಚುವುದು, ವಾಪಸ್ ಹೋಗುವುದು. ಗಾಜಿಗೆ ಕಿವಿ ಹತ್ತಿರ ಇಟ್ಟರೆ ಟಕ್ ಟಕ್ ಎಂದು ಸದ್ದು ಕೇಳುತ್ತಿತ್ತು. ಆ ಜಾತಿಯ ಮೀನು ಬೇರೆಯವರನ್ನು ಓಡಿಸುವಾಗ ಹಾಗೆ ಸದ್ದು ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ರಾತ್ರಿ ಊಟದ ಹೊತ್ತಿಗೆ ಎರಡೂ ಕ್ಲೌನ್ ಮೀನು ಮೇಲಿನ ಮೂಲೆಗೆ, ಫಿಲ್ಟರ್ ನೀರು ಬೀಳುವ ಕಡೆಗೆ ಅಂಟಿಕೊಂಡಿದ್ದವು. ಬಾಲದ ರೆಕ್ಕೆ ನೂಲು ಬಿಟ್ಟ ಬಟ್ಟೆಯ ಹಾಗೆ ಹರಿದಿತ್ತು. ಕಿವಿರು ಜೋರಾಗಿ ಬಡಿಯುತ್ತಿತ್ತು. ರಾತ್ರಿ ಹನ್ನೊಂದು ಗಂಟೆಗೆ ನಾನು, ನನ್ನ ಹೆಂಡತಿ ಅರ್ಧ ನೀರನ್ನು ಬಕೆಟ್‌ಗಳಿಗೆ ತೆಗೆದು, ಕಲ್ಲೆಲ್ಲ ಎತ್ತಿ ಹೊರಗಿಟ್ಟು, ಡಾಮಿನೋವನ್ನು ಬಲೆಗೆ ಹಿಡಿದೆವು. ಬೆಳಿಗ್ಗೆ ಒಂದು ಕ್ಲೌನ್ ಮೀನು ಸತ್ತಿತ್ತು. ಇನ್ನೊಂದು ಬದುಕಿತು.

ಅಂಗಡಿಗೆ ಹೋಗಿ ಹೇಳಿದೆ. "ಅದು ಹಾಗೇ ಮಾರಾಯ್ರೆ, ಡ್ಯಾಮ್ಸೆಲ್ ಅಂದ್ರೆ ಜಗಳಗಂಟ" ಎಂದರು. ಗೊತ್ತಿತ್ತು ಅಲ್ವಾ? ಗೊತ್ತಿದ್ದದ್ದನ್ನು ಮೊದಲೇ ಹೇಳಿದ್ದರೆ ಆಗುತ್ತಿತ್ತು. ಮೀನು ವಾಪಸ್ ತೆಗೊಳ್ಳಲು ಅವರು ಒಪ್ಪಲಿಲ್ಲ.

ನಮ್ಮ ಊರಿನವರಿಗೆ ಮೀನು ಹೊಸದಲ್ಲ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಎಂದು ಸಣ್ಣ ಮಗುವೂ ಗುರುತು ಹಿಡಿಯುತ್ತದೆ. ಅದಕ್ಕೇ ಇರಬೇಕು, ಎಲ್ಲವೂ ಕಡಲ ಮೀನೇ ಅಲ್ವಾ, ಒಟ್ಟಿಗೆ ಇದ್ದರೆ ಏನಾಗುತ್ತದೆ ಎಂದುಕೊಳ್ಳುತ್ತೇವೆ. ಕಡಲಲ್ಲಿ ಒಂದು ಮೀನು ಇನ್ನೊಂದನ್ನು ಅಟ್ಟಿದರೆ ಓಡಲು ದಾರಿ ಇದೆ. ಹತ್ತು ಮಾರು ಆಚೆ ಹೋದರೆ ಜಗಳ ಮುಗಿಯಿತು. ಮೂರಡಿ ಗಾಜಿನ ಒಳಗೆ ಓಡಿದರೆ ಎಲ್ಲಿಗೆ ಹೋಗುವುದು? ತಿರುಗಿ ಅಟ್ಟಿದವನ ಎದುರಿಗೇ ಬರಬೇಕು. ಜೊತೆಗೆ ಯಾರಿರಬೇಕು ಎಂದು ಆರಿಸುವವರು ನಾವು. ಅದಕ್ಕೆ ಆ ಹೊಣೆಯೂ ನಮ್ಮದೇ.

ಹಾಗಾಗಿ ಬಣ್ಣ ನೋಡುವ ಮೊದಲು ಮೂರು ವಿಷಯ ಕೇಳಿ. ಪೂರ್ತಿ ಬೆಳೆದರೆ ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಜಗಳ ಮಾಡುತ್ತದೆ.

ಗಾತ್ರದ ವಿಷಯದಲ್ಲಿ ಹೆಚ್ಚು ಜನ ಮೋಸ ಹೋಗುವುದು ನೀಲಿ ಟ್ಯಾಂಗ್ ಎಂಬ ಮೀನಿನಿಂದ. ಕಾರ್ಟೂನ್ ನೋಡಿದ ಮಕ್ಕಳೆಲ್ಲ ಅದನ್ನೇ ಕೇಳುತ್ತಾರೆ. ಅಂಗಡಿಯಲ್ಲಿ ಅದು ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಬೆಳೆದರೆ 30 ಸೆಂಟಿಮೀಟರ್, ಅಂದರೆ ಒಂದಡಿ. ದಿನವಿಡೀ ಉದ್ದಕ್ಕೆ ಈಜುವ ಮೀನು ಅದು. ಮೂರಡಿಯ ತೊಟ್ಟಿಯಲ್ಲಿ ಹೊರಡುವುದರೊಳಗೆ ಗಾಜು ಬಂತು. ಆರಡಿಗಿಂತ ಕಡಿಮೆ ತೊಟ್ಟಿ ಇರುವವರು ಯಾವ ಟ್ಯಾಂಗನ್ನೂ ತರಬಾರದು ಎಂಬುದು ನನ್ನ ಅಭಿಪ್ರಾಯ. ಪೌಡರ್ ಬ್ಲೂ ಟ್ಯಾಂಗ್ ನಮ್ಮ ಹಿಂದೂ ಮಹಾಸಾಗರದ್ದೇ. ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ, ಅಷ್ಟು ಚೆಂದ. ಆದರೆ ತನ್ನ ಹಾಗೇ ಕಾಣುವ ಇನ್ನೊಂದು ಟ್ಯಾಂಗನ್ನು ಅದು ಸಹಿಸುವುದಿಲ್ಲ. ಹೆದರಿ ಸೋತರೆ ಮೈಮೇಲೆ ಉಪ್ಪು ಸಿಂಪಡಿಸಿದ ಹಾಗೆ ಬಿಳಿ ಚುಕ್ಕೆ ರೋಗ ಬರುತ್ತದೆ.

"ಸಣ್ಣ ಇರುವಾಗ ಇಟ್ಟುಕೊಳ್ಳೋಣ, ದೊಡ್ಡದಾದಾಗ ನೋಡೋಣ" ಎನ್ನುವವರು ತುಂಬಾ ಜನ. ನನಗೂ ಒಮ್ಮೆ ಹಾಗೆ ಆಯಿತು. ಮಲ್ಪೆ ಬಂದರಿನಲ್ಲಿ ಪರ್ಸೀನ್ ಬಲೆಯ ಬೋಟಿಗೆ ಹೋಗುವ ಗೆಳೆಯನೊಬ್ಬ ಪ್ರೀತಿಯಿಂದ ಒಂದು ಮುರು ಮೀನಿನ ಮರಿ ತಂದುಕೊಟ್ಟ. ಬೆರಳುದ್ದ ಇತ್ತು. ಬೇಡ ಎನ್ನಲು ಮನಸ್ಸಾಗಲಿಲ್ಲ. ಆಗ ತೊಟ್ಟಿಯಲ್ಲಿ ಹಸಿರು ಕ್ರೋಮಿಸ್ ಎಂಬ ಐದು ಸಣ್ಣ ಮೀನು ಇದ್ದವು. ಮೂರು ವಾರದಲ್ಲಿ ಎರಡಕ್ಕೆ ಇಳಿಯಿತು. ಮುರು ಹಗಲು ಕಲ್ಲಿನ ಅಡಿಯಿಂದ ಹೊರಗೇ ಬರುತ್ತಿರಲಿಲ್ಲ. ದೀಪ ಆರಿಸಿದ ಮೇಲೆ ಅದರ ಕೆಲಸ. ಬಾಯಿ ಮುಚ್ಚಿದ್ದಾಗ ಸಾಧಾರಣ ಮೀನು. ತೆರೆದಾಗ ಅರ್ಧ ಮೈ ಬಾಯಿಯೇ. ಕೊನೆಗೆ ಅದಕ್ಕೇ ಬೇರೆ ದೊಡ್ಡ ತೊಟ್ಟಿ ಇರುವವರೊಬ್ಬರನ್ನು ಹುಡುಕಿ ಕೊಡುವಷ್ಟರಲ್ಲಿ ಎರಡು ತಿಂಗಳು ಹೋಯಿತು.

ಊಟದ ವಿಷಯ ಇನ್ನೂ ನೋವಿನದ್ದು. ಜಗಳವಾದರೆ ಕಣ್ಣಿಗೆ ಕಾಣುತ್ತದೆ. ಹಸಿವು ಕಾಣುವುದಿಲ್ಲ.

ಮ್ಯಾಂಡರಿನ್ ಎಂಬ ಮೀನು ಇದೆ. ನೀಲಿ ಮೈಮೇಲೆ ಕಿತ್ತಳೆ ಗೆರೆಗಳು, ಕಸೂತಿ ಹಾಕಿದ ರೇಷ್ಮೆ ಸೀರೆಯ ಸೆರಗಿನ ಹಾಗೆ. ಯಾರ ಜೊತೆಗೂ ಜಗಳವಿಲ್ಲ. ಜಗಳವಿಲ್ಲದ ಮೀನು ಎಂದೇ ನಾನು ತಂದೆ. ಅದು ಕಲ್ಲಿನ ಮೇಲೆ ಓಡಾಡುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳಗಳನ್ನು ಬಿಟ್ಟರೆ ಬೇರೆ ಆಹಾರ ಮುಟ್ಟುವುದು ಅಪರೂಪ. ಕೋಪೆಪಾಡ್ ಎನ್ನುತ್ತಾರೆ ಅವಕ್ಕೆ. ದಿನಕ್ಕೆ ನೂರಾರು ಬೇಕು. ವರ್ಷಗಟ್ಟಲೆ ಹಳೆಯದಾದ, ತುಂಬಾ ಕಲ್ಲಿರುವ ದೊಡ್ಡ ತೊಟ್ಟಿಯಲ್ಲಿ ಮಾತ್ರ ಅಷ್ಟು ಹುಟ್ಟುತ್ತವೆ. ನನ್ನ ತೊಟ್ಟಿಯಲ್ಲಿದ್ದದ್ದನ್ನು ಅದು ಒಂದು ತಿಂಗಳಲ್ಲಿ ಮುಗಿಸಿತು. ಆಮೇಲೂ ಕಲ್ಲಿನಿಂದ ಕಲ್ಲಿಗೆ ಹೋಗಿ ಕುಕ್ಕುತ್ತಲೇ ಇತ್ತು. ಬಾಯಿ ಆಡುತ್ತಿದೆ, ತಿನ್ನುತ್ತಿದೆ ಎಂದು ನಾವು ನಂಬಿದ್ದೆವು. ಒಂದು ಸಂಜೆ ಬೆಳಕಿಗೆ ಎದುರಾಗಿ ಬಂದಾಗ ನೋಡಿದರೆ ಹೊಟ್ಟೆ ಒಳಗೆ ಹೋಗಿ, ಬೆನ್ನಿನ ಎರಡು ಬದಿ ಕುಳಿ ಬಿದ್ದಿತ್ತು. ಒಂದು ವಾರ ಏನೆಲ್ಲ ಕೊಟ್ಟೆ. ಮುಟ್ಟಲಿಲ್ಲ. ಬಣ್ಣ ಕೊನೆಯ ದಿನದವರೆಗೂ ಹಾಗೇ ಇತ್ತು.

ಬೇರೆ ಮೀನಿನ ಮೈಮೇಲಿನ ಹುಳ ತಿಂದು ಬದುಕುವ ಕ್ಲೀನರ್ ರಾಸ್ ಎಂಬ ಮೀನಿನದ್ದೂ ಇದೇ ಕತೆ. ಅದಕ್ಕೆ ಕಡಲಲ್ಲಿ ಸಾವಿರ ಗಿರಾಕಿ. ನಮ್ಮ ತೊಟ್ಟಿಯಲ್ಲಿ ಐದು. ಹೆಚ್ಚಿನವು ಹಸಿದು ಸಾಯುತ್ತವೆ. ಚಿಟ್ಟೆ ಮೀನುಗಳಲ್ಲೂ ಹಲವು ಜಾತಿಗೆ ಹವಳವೇ ಊಟ. ಇವನ್ನೆಲ್ಲ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೊಳ್ಳುವವರು ಇಲ್ಲದಿದ್ದರೆ ತರಿಸುವವರೂ ನಿಲ್ಲಿಸುತ್ತಾರೆ.

ಹಾಗಾದರೆ ಏನು ಸಾಕುವುದು ಎಂದು ಕೇಳಬಹುದು. ನನ್ನ ಮೂರಡಿಯಲ್ಲಿ ಈಗ ಇರುವುದು ಐದೇ ಮೀನು. ಆರನೆಯದಕ್ಕೆ ಜಾಗ ಇಲ್ಲ ಎಂದೇ ನಾನು ತಿಳಿದಿದ್ದೇನೆ.

ಮೊದಲನೆಯದು ಆ ರಾತ್ರಿ ಬದುಕಿ ಉಳಿದ ಕ್ಲೌನ್ ಮೀನು. ಅದಕ್ಕೆ ಆಮೇಲೆ ಚಿಕ್ಕದೊಂದು ಜೊತೆ ತಂದೆ. ಕ್ಲೌನ್ ಮೀನಿನ ವಿಶೇಷ ಗೊತ್ತಾ? ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ದೊಡ್ಡದಾಗಿ, ಜೋರಾಗಿರುವುದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡು ಹೆಣ್ಣಾಗುತ್ತದೆ. ಹಾಗಾಗಿ ತರುವಾಗ ಎರಡೇ ತನ್ನಿ, ಒಂದೇ ಜಾತಿಯದು ತನ್ನಿ, ಒಂದು ಸ್ವಲ್ಪ ದೊಡ್ಡದು ಒಂದು ಸ್ವಲ್ಪ ಚಿಕ್ಕದು ಇರಲಿ. ಸಮಸಮ ಇದ್ದರೆ ಯಾರು ದೊಡ್ಡವರು ಎಂದು ಜಗಳ. ಮೂರನೆಯದನ್ನು ತಂದರೆ ಜೋಡಿ ಸೇರಿ ಅದನ್ನು ಅಟ್ಟುತ್ತದೆ. ಮರೂನ್ ಕ್ಲೌನ್ ಎಂಬ ಕಡುಗೆಂಪು ಜಾತಿ ಇದೆ, ಅದು ಬೇರೆ ಕ್ಲೌನ್ ಮೀನನ್ನು ಉಳಿಸುವುದೇ ಇಲ್ಲ. ಕಡಲಲ್ಲಿ ಕ್ಲೌನ್ ಮೀನು ಆಸರೆ ಪಡೆಯುವ, ಹೂವಿನ ಹಾಗೆ ಕಾಣುವ ಅನಿಮೋನ್ ಎಂಬ ಜೀವಿ ತೊಟ್ಟಿಯಲ್ಲೂ ಬೇಕೇ ಬೇಕು ಎಂಬುದು ಸುಳ್ಳು. ನನ್ನವು ಒಂದು ಒಡೆದ ಮಣ್ಣಿನ ಕುಡಿಕೆಯನ್ನೇ ಮನೆ ಮಾಡಿಕೊಂಡಿವೆ.

ಎರಡು ಬಂಗ್ಗಾಯ್ ಕಾರ್ಡಿನಲ್. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಮೀನು. ಬೆಳ್ಳಿ ಮೈ, ಕಪ್ಪು ಪಟ್ಟೆ, ನಿಧಾನದ ನಡೆ. ಇದರಲ್ಲೂ ಜೋಡಿಯೇ ಒಳ್ಳೆಯದು, ಗುಂಪು ಬೇಡ. ಐದನೆಯದು ಒಂದು ಗೋಬಿ. ಅದು ಮೀನಿಗಿಂತ ಹೆಚ್ಚು ತನ್ನ ಸಂಗಾತಿಯಿಂದಾಗಿ ನೋಡಬೇಕಾದದ್ದು. ಅದರ ಜೊತೆ ಒಂದು ಪಿಸ್ತೂಲು ಸಿಗಡಿ ಇದೆ. ಸಿಗಡಿಗೆ ಕಣ್ಣು ಸರಿ ಕಾಣುವುದಿಲ್ಲ. ಅದು ಮರಳು ತೋಡಿ ಬಿಲ ಮಾಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಮರಳು ಹೊತ್ತು ಹೊರಗೆ ಬರುವಾಗ ಸಿಗಡಿ ತನ್ನ ಉದ್ದ ಮೀಸೆಯ ತುದಿಯನ್ನು ಗೋಬಿಯ ಬಾಲಕ್ಕೆ ತಾಗಿಸಿಯೇ ಇಟ್ಟಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಒಮ್ಮೆ ಅಲುಗಿಸುತ್ತದೆ. ಮರುಕ್ಷಣ ಇಬ್ಬರೂ ಬಿಲದೊಳಗೆ. ನಾನು ದಿನಾ ಅಂಗಡಿ ಮುಚ್ಚಿ ಬಂದು ಅರ್ಧ ಗಂಟೆ ಇದನ್ನೇ ನೋಡುತ್ತೇನೆ. ಇಲ್ಲಿಗೆ ಸಿಗಡಿ ತಿನ್ನುವ ಟ್ರಿಗರ್ ಮೀನನ್ನೋ ಹಾಕ್ ಮೀನನ್ನೋ ತಂದರೆ ಸಿಗಡಿಯ ಕತೆ ಒಂದೇ ದಿನಕ್ಕೆ ಮುಗಿಯುತ್ತದೆ.

ಮೊದಲು ಒಂದು ಫೈರ್‌ಫಿಶ್ ಕೂಡ ಇತ್ತು. ಮುಂದೆ ಬಿಳಿ, ಹಿಂದೆ ಬೆಂಕಿಯ ಬಣ್ಣ. ಪಾಪದ್ದು. ಹೆದರಿದರೆ ಹಾರುತ್ತದೆ. ಆಗ ತೊಟ್ಟಿಯ ಮೇಲೆ ಮುಚ್ಚಳ ಇರಲಿಲ್ಲ. ಬೆಳಿಗ್ಗೆ ಸೋಫಾದ ಕಾಲಿನ ಹತ್ತಿರ ಒಣಗಿ ಬಿದ್ದಿತ್ತು. ಈಗ ಸೊಳ್ಳೆ ಪರದೆಯ ಬಲೆಯನ್ನು ಚೌಕಟ್ಟಿಗೆ ಹಾಕಿ ಮುಚ್ಚಿದ್ದೇನೆ. ಗಾಜು ಮುಚ್ಚಿದರೆ ನಮ್ಮ ಏಪ್ರಿಲ್ ಸೆಕೆಗೆ ನೀರು ಬಿಸಿಯಾಗುತ್ತದೆ. ಬಲೆ ಇದ್ದರೆ ಮೇಲಿಂದ ಸಣ್ಣ ಫ್ಯಾನ್ ಬಿಡಬಹುದು, ಎರಡು ಡಿಗ್ರಿ ಇಳಿಯುತ್ತದೆ. ಆರಿ ಹೋದಷ್ಟು ಸಿಹಿನೀರನ್ನೇ ಸೇರಿಸಿ, ಉಪ್ಪುನೀರಲ್ಲ. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ.

ನೀರಿನ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಎದುರಿಗೇ ಕಡಲು ಇರುವಾಗ ಉಪ್ಪು ಯಾಕೆ ಕೊಳ್ಳಬೇಕು ಎಂದು ನಾನೂ ಕ್ಯಾನಿನಲ್ಲಿ ತರುತ್ತಿದ್ದೆ. ದಡದ ನೀರಲ್ಲ, ಗೆಳೆಯನ ಬೋಟು ದೂರ ಹೋದಾಗ ತುಂಬಿಸಿಕೊಟ್ಟ ನೀರು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಸಮಯಕ್ಕೆ ಉದ್ಯಾವರ ಹೊಳೆ ಮಳೆನೀರು ಹೊತ್ತು ಬರುತ್ತದೆ, ಮಲ್ಪೆ ದಡದ ನೀರು ಕೆಂಪಾಗಿ ಸಪ್ಪೆಯಾಗುತ್ತದೆ. ಅದು ಮೀನಿಗೆ ಆಗುವುದಿಲ್ಲ. ಸಿಹಿನೀರಿನದ್ದು 1 ಎಂದರೆ ತೊಟ್ಟಿಯ ಉಪ್ಪುನೀರಿನ ಸಾಂದ್ರತೆ 1.025ರ ಹತ್ತಿರ ವರ್ಷವಿಡೀ ಒಂದೇ ಆಗಿರಬೇಕು. ಈಗ ನಾನು ಅಕ್ವೇರಿಯಂಗೆಂದೇ ಬರುವ ಪ್ಯಾಕೆಟ್ ಉಪ್ಪನ್ನೇ ಫಿಲ್ಟರ್ ನೀರಿಗೆ ಕಲಸುತ್ತೇನೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಮರ ಬಿದ್ದರೆ ಇಡೀ ರಾತ್ರಿ ಹೋಗುತ್ತದೆ. ಪಂಪು ನಿಂತರೆ ನೀರಿನ ಆಮ್ಲಜನಕ ಇಳಿಯುತ್ತದೆ. ಬ್ಯಾಟರಿಯ ಗಾಳಿ ಪಂಪು ಒಂದು ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯ, ಮೀನು ಕಡಿಮೆ ಇರಲಿ. ಐದು ಮೀನು ಇಡೀ ರಾತ್ರಿ ತಡೆಯುವ ಕಡೆ ಹದಿನೈದು ಮೀನು ಎರಡು ಗಂಟೆ ತಡೆಯುವುದಿಲ್ಲ. ಇದು ನನ್ನ ಕಸುಬಿನ ಲೆಕ್ಕವೇ. ತಂತಿ ಹೊರುವುದಕ್ಕಿಂತ ಜಾಸ್ತಿ ಕರೆಂಟ್ ಹರಿಸಿದರೆ ಮೋಟಾರ್ ಸುಡುತ್ತದೆ.

ತೊಟ್ಟಿ ಕಟ್ಟಿದ ದಿನವೇ ಮೀನು ಬಿಡಬೇಡಿ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೀನೇ ಇಲ್ಲದೆ ಇದನ್ನು ಮಾಡಬಹುದು, ಡಾಮಿನೋ ಬಿಟ್ಟು ಮಾಡಬೇಕಾಗಿಲ್ಲ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಒಂದೊಂದೇ ಮೀನು, ಎರಡು ಮೂರು ವಾರದ ಅಂತರದಲ್ಲಿ. ಎಲ್ಲಕ್ಕಿಂತ ಪಾಪದ್ದು ಮೊದಲು, ಜೋರಿನದ್ದು ಕೊನೆಗೆ. ಮೊದಲು ಬಂದವನು ಜಾಗ ತನ್ನದು ಎನ್ನುತ್ತಾನೆ. ಹೊಸಬರನ್ನು ಬಿಡುವ ದಿನ ಕಲ್ಲುಗಳ ಜಾಗ ಸ್ವಲ್ಪ ಬದಲಿಸಿ, ದೀಪ ಆರಿಸಿ ಬಿಡಿ. ಹಳಬರಿಗೂ ಎಲ್ಲ ಹೊಸದಾಗಿ ಕಾಣುತ್ತದೆ, ಜಗಳ ಕಡಿಮೆಯಾಗುತ್ತದೆ. ಅದಕ್ಕೂ ಮೊದಲು ಒಂದು ಬೇರೆ ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರವಾದರೂ ಇಟ್ಟು ರೋಗ ಇದೆಯಾ ನೋಡಿ. ಅಲ್ಲೇ ಔಷಧಿ ಕೊಡಿ. ಬಿಳಿ ಚುಕ್ಕೆಗೆ ಕೊಡುವ ತಾಮ್ರದ ಔಷಧಿ ದೊಡ್ಡ ತೊಟ್ಟಿಗೆ ಬಿದ್ದರೆ ಸಿಗಡಿಗಳೆಲ್ಲ ಸಾಯುತ್ತವೆ.

ಡಾಮಿನೋ ವಿಷಯಕ್ಕೆ ಮತ್ತೆ ಬರುತ್ತೇನೆ. ಅಂಗಡಿಯವರು ವಾಪಸ್ ತೆಗೊಳ್ಳದಿದ್ದಾಗ ಹತ್ತು ಜನ ಹತ್ತು ಸಲ ಹೇಳಿದ್ದು ಒಂದೇ. "ಎಂತ ಮಾರಾಯ್ರೆ, ಮಲ್ಪೆ ಹತ್ತಿರ ಉಂಟಲ್ಲ, ಬಿಟ್ಟು ಬನ್ನಿ. ಪುಣ್ಯ ಬರ್ತದೆ." ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅಂಗಡಿಯ ತೊಟ್ಟಿಗಳಲ್ಲಿ ನಾಲ್ಕು ಕಡಲಿನ ಮೀನು ಒಂದೇ ನೀರು ಹಂಚಿಕೊಂಡಿರುತ್ತವೆ. ಯಾವ ರೋಗ ಯಾವುದಕ್ಕೆ ಅಂಟಿದೆಯೋ ನೋಡಿದರೆ ತಿಳಿಯುವುದಿಲ್ಲ. ಅಕ್ಕನ ಮಗನ ಮನೆಗೆ ಬಂದ ಅದೇ ಲಯನ್ ಫಿಶ್‌ನ ಕತೆ ಕೇಳಿ. ಅದು ನಮ್ಮ ಕಡೆಯ ಸಾಗರಗಳ ಮೀನು. ಅಮೆರಿಕದ ಫ್ಲಾರಿಡಾ ಕಡಲಲ್ಲಿ 1985ರಲ್ಲಿ ಮೊದಲು ಕಂಡಿತು. ಯಾರೋ ಅಕ್ವೇರಿಯಂನಿಂದ ಬಿಟ್ಟದ್ದೇ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಈಗ ಅದು ಕೆರಿಬಿಯನ್ ಕಡಲಿನ ಉದ್ದಕ್ಕೂ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಹಾಕುತ್ತಿದೆ. ಮೀನುಗಾರರ ಊರು ನಮ್ಮದು. ನಮ್ಮ ಕಡಲಿಗೆ ಅಂಥದ್ದೊಂದು ಆಗಬಾರದು.

ಹಾಗೆಯೇ ಕಡಲಿನಿಂದ ಕಿತ್ತು ತರುವುದೂ ಬೇಡ. ಹವಳ, ಕಡಲ್ಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವ ಹುಡುಗರು ನೆನಪಿಗೆ ಎಂದು ಒಂದು ತುಂಡು ಹವಳ ಎತ್ತಿ ತಂದರೂ ಅದು ಅಪರಾಧವೇ. ಮೀನನ್ನೂ ಸಾಧ್ಯವಾದಷ್ಟು ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದನ್ನು ಕೇಳಿ. ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಸಾಕಿದ ಮೀನು ಒಣ ಚೂರಿನ ಆಹಾರ ತಿನ್ನಲು ಮೊದಲೇ ಕಲಿತಿರುತ್ತದೆ. ಹಿಡಿದು ತಂದದ್ದು ಹಾಗಲ್ಲ. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ ಮೀನನ್ನು ಮಂಕು ಮಾಡಿ ಹಿಡಿಯುವ ಕೆಟ್ಟ ರೂಢಿ ಇದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡು, ಮನೆಗೆ ಬಂದು ಕೆಲವು ದಿನಕ್ಕೆ ಸಾಯಬಹುದು.

ಈಗ ನನ್ನ ಬೇಡಿಕೆ ಹೇಳುತ್ತೇನೆ. ಮಂಗಳೂರು, ಉಡುಪಿಯ ಅಕ್ವೇರಿಯಂ ಅಂಗಡಿಗಳವರು ಪ್ರತಿ ತೊಟ್ಟಿಯ ಗಾಜಿನ ಮೇಲೆ ಒಂದು ಚೀಟಿ ಅಂಟಿಸಲಿ. ಪೋಸ್ಟ್ ಕಾರ್ಡಿನಷ್ಟು ಸಾಕು. ಕನ್ನಡದಲ್ಲಿ. ಮೀನಿನ ಹೆಸರು, ಬೆಳೆದರೆ ಎಷ್ಟು ಸೆಂಟಿಮೀಟರ್, ಎಷ್ಟು ಅಡಿಯ ತೊಟ್ಟಿ ಬೇಕು, ಏನು ತಿನ್ನುತ್ತದೆ, ಯಾರ ಜೊತೆ ಆಗುವುದಿಲ್ಲ, ಸಾಕಿದ್ದೋ ಹಿಡಿದದ್ದೋ. ಇಷ್ಟೇ. ಇದಕ್ಕೆ ಖರ್ಚಿಲ್ಲ. ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಮೊದಲ ತಿಂಗಳಲ್ಲೇ ಎಲ್ಲ ಮೀನು ಸತ್ತವರು ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾರೆ, ಮತ್ತೆ ಅಂಗಡಿ ಕಡೆ ಬರುವುದಿಲ್ಲ. ಮೀನು ಬದುಕಿಸಿಕೊಂಡ ನನ್ನಂಥವರು ಒಂಬತ್ತು ವರ್ಷವಾದರೂ ತಿಂಗಳು ತಿಂಗಳು ಉಪ್ಪು, ಆಹಾರ ಕೊಳ್ಳುತ್ತಲೇ ಇದ್ದಾರೆ.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಸಿಎಂಎಫ್‌ಆರ್‌ಐ ಕೇಂದ್ರವೂ ಇದೆ. ಇಷ್ಟು ತಿಳಿದವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಅವರು ವರ್ಷಕ್ಕೆ ಒಂದು ಭಾನುವಾರ, ಅರ್ಧ ದಿನ, ಮನೆಯಲ್ಲಿ ಉಪ್ಪುನೀರಿನ ಮೀನು ಸಾಕುವವರಿಗೂ ಅಂಗಡಿಯವರಿಗೂ ಒಟ್ಟಿಗೆ ಪಾಠ ಮಾಡಿದರೆ ದೊಡ್ಡ ಉಪಕಾರ. ಚೀಟಿಯಲ್ಲಿ ಬರೆಯುವುದನ್ನು ಅವರೇ ತಿದ್ದಿಕೊಟ್ಟರಂತೂ ತಪ್ಪೇ ಇರುವುದಿಲ್ಲ. ನಿಮ್ಮ ಪತ್ರಿಕೆಯೂ ಮುಂದಿನ ಸಲ ಇಂಥ ಲೇಖನ ಹಾಕುವಾಗ ಫೋಟೋದ ಕೆಳಗೆ ಎರಡು ಸಾಲು ಸೇರಿಸಲಿ.

ಅಕ್ಕನ ಮಗನ ಮನೆಗೆ ಹೋಗಿ ಬಂದೆ. ಲಯನ್ ಫಿಶ್, ಟ್ಯಾಂಗ್ ಸೇರಿ ಉಳಿದ ಮೀನನ್ನೆಲ್ಲ ಅಂಗಡಿಯವರು ಈ ಸಲ ವಾಪಸ್ ತೆಗೊಂಡರು. ತೊಟ್ಟಿ ಈಗ ಖಾಲಿ ಓಡುತ್ತಾ ಇದೆ. ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ದಿನ ಎರಡು ಕ್ಲೌನ್ ಮರಿ ನಾನೇ ತಂದುಕೊಡುತ್ತೇನೆ ಎಂದು ಪುಟ್ಟಿಗೆ ಹೇಳಿದ್ದೇನೆ.

ಮನೆಯಲ್ಲಿ ಮೊನ್ನೆ ಮಂಗಳವಾರ ನಮ್ಮ ಹೆಣ್ಣು ಕ್ಲೌನ್ ಮತ್ತೆ ಮೊಟ್ಟೆ ಇಟ್ಟಿದೆ. ಕುಡಿಕೆಯ ಒಳಮೈಗೆ ಕಿತ್ತಳೆ ಸಾಸಿವೆ ಅಂಟಿಸಿದ ಹಾಗೆ. ಕಾವಲು ಗಂಡಿನದ್ದು. ಹತ್ತಿರ ಹೋಗಿ ಎರಡು ರೆಕ್ಕೆಯಲ್ಲಿ ಗಾಳಿ ಬೀಸಿದ ಹಾಗೆ ನೀರು ಬೀಸುತ್ತದೆ. ಕೆಟ್ಟ ಮೊಟ್ಟೆಯನ್ನು ಬಾಯಲ್ಲಿ ಹೆಕ್ಕಿ ತೆಗೆಯುತ್ತದೆ. ಇವತ್ತು ನೋಡಿದರೆ ಮೊಟ್ಟೆಯೊಳಗೆ ಕಣ್ಣು ಮೂಡಿದೆ, ಒಂದೊಂದರಲ್ಲೂ ಎರಡು ಬೆಳ್ಳಿ ಚುಕ್ಕೆ. ಒಂದು ವಾರ, ಎಂಟು ದಿನಕ್ಕೆ ಒಡೆಯುತ್ತದೆ, ಅದೂ ದೀಪ ಆರಿಸಿದ ಮೇಲೆ. ಡಾಮಿನೋ ನನ್ನ ಮೋಟಾರ್ ಅಂಗಡಿಯಲ್ಲಿದೆ, ಒಂಟಿಯಾಗಿ, ಅದಕ್ಕೇ ಮಾಡಿಸಿದ ಎರಡಡಿಯ ತೊಟ್ಟಿಯಲ್ಲಿ. ಈಗ ಅಂಗೈ ಅಗಲ ಆಗಿದೆ. ಬಿಳಿ ಚುಕ್ಕೆಗಳು ಮಾಸಿ ಹೋಗಿವೆ. ಚೀಟಿಯಲ್ಲಿ ಏನು ಬರೆಯಬೇಕು ಎಂದು ನೋಡಲು ಬರುವ ಅಂಗಡಿಯವರಿಗೆ ನಾನು ಬರೆದಿಟ್ಟ ಇಪ್ಪತ್ತೆರಡು ಮೀನಿನ ಚೀಟಿಗಳು ಅದರ ಪಕ್ಕದಲ್ಲೇ ಇವೆ. ಬಂದು ತೆಗೊಂಡು ಹೋಗಬಹುದು.

ಇತಿ ತಮ್ಮ ವಿಶ್ವಾಸಿ,
ಮೋಟಾರ್ ರಿವೈಂಡಿಂಗ್ ಅಂಗಡಿಯ ಓದುಗ,
ಉಡುಪಿ